ಹರಳಿನ ಗಾತ್ರವೂ ರೂಪ ಬದಲಾವಣೆಯೂ: ಜಿರ್ಕೋನಿಯಾ ಹಲ್ಲಿನ ಒಳಗುಟ್ಟು



ಕಳೆದ ಸಭೆಯ ದಿನ ಊಟದ ಪಂಕ್ತಿಯಲ್ಲಿ ಹೊಸೂರು, ಅಕ್ಕಲಕೋಟೆ, ಕಾಸರಗೋಡಿನ ಹಿರಿಯ ಸದಸ್ಯರು ಅಕ್ಕಪಕ್ಕ ಕುಳಿತಿದ್ದರು. ಚಕ್ಕುಲಿ ಬಂದಾಗ ಇಬ್ಬರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು. ವಿಚಾರಿಸಿದರೆ, ದವಡೆ ಹಲ್ಲಿಗೆ ಜಿರ್ಕೋನಿಯಾ ಕ್ಯಾಪ್ ಹಾಕಿಸಿಕೊಂಡಿದ್ದಾರೆ, ಒಡೆದರೆ ಮತ್ತೆ ಸಾವಿರಗಟ್ಟಲೆ ಖರ್ಚು. "ಸ್ಟೀಲಿನಷ್ಟು ಗಟ್ಟಿ ಅಂತ ಡಾಕ್ಟರು ಹೇಳಿದ್ರು. ನೋಡೋಕೆ ಪಿಂಗಾಣಿ ಥರ ಇದೆ. ಪಿಂಗಾಣಿ ಎಲ್ಲಾದ್ರೂ ಒಡೀದೆ ಇರುತ್ತಾ ರಾಯರೇ?" ಎಂದು ಒಬ್ಬರು ಕೇಳಿದರು. ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಬಾಯಲ್ಲೂ ಅಂಥದ್ದೇ ಒಂದು ಕ್ಯಾಪ್ ಇದ್ದು ಹೋಗಿದ್ದರಿಂದ ವಿಷಯ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಓದಿ, ತಿಳಿದವರನ್ನು ಕೇಳಿ ಈ ಟಿಪ್ಪಣಿ ಸಿದ್ಧಪಡಿಸಿದ್ದೇವೆ. ಉತ್ತರ ಇರುವುದು ಆ ಕ್ಯಾಪಿನೊಳಗಿನ ಕಣ್ಣಿಗೆ ಕಾಣದ ಹರಳುಗಳ ಗಾತ್ರದಲ್ಲಿ.

ರೂಪ ಎಂದರೇನು

ಲೋಹವು ಆಮ್ಲಜನಕದೊಡನೆ ಕೂಡಿದಾಗ ಆಗುವುದು ಆಕ್ಸೈಡ್. ಕಬ್ಬಿಣದ ತುಕ್ಕು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಇಂಥ ಪದಾರ್ಥದಲ್ಲಿ ಪರಮಾಣುಗಳು ಸಾಲುಸಾಲಾಗಿ, ಒಂದು ಕ್ರಮದಲ್ಲಿ ಜೋಡಣೆಯಾಗಿರುತ್ತವೆ. ಆ ಕ್ರಮವಿರುವ ತುಣುಕೇ ಹರಳು. ಒಂದೇ ಪದಾರ್ಥ ಎರಡು ಮೂರು ಬೇರೆ ಬೇರೆ ಕ್ರಮಗಳಲ್ಲಿ ಜೋಡಣೆಯಾಗಬಹುದು. ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ಗ್ರಾಫೈಟೂ ವಜ್ರವೂ ಎರಡೂ ಇಂಗಾಲವೇ ಎಂದು ಶಾಲೆಯಲ್ಲಿ ಓದಿದ್ದೇವಲ್ಲ, ಹಾಗೆ. ಒಂದು ಜೋಡಣೆಯಿಂದ ಇನ್ನೊಂದಕ್ಕೆ ಹೋಗುವುದನ್ನು ಪಠ್ಯಪುಸ್ತಕಗಳು ಪ್ರಾವಸ್ಥಾ ಪರಿವರ್ತನೆ ಎನ್ನುತ್ತವೆ. ನಾವು ಇಲ್ಲಿ ರೂಪ ಬದಲಾವಣೆ ಎಂದಿಟ್ಟುಕೊಳ್ಳೋಣ.

ಜಿರ್ಕೋನಿಯಾ ಎಂದರೆ ಜಿರ್ಕೋನಿಯಂ ಲೋಹದ ಆಕ್ಸೈಡ್. 1789ರಲ್ಲಿ ಬರ್ಲಿನ್ನಿನ ಮಾರ್ಟಿನ್ ಕ್ಲಾಪ್ರೋತ್ ಎಂಬ ರಸಾಯನಶಾಸ್ತ್ರಜ್ಞ ಸಿಲೋನಿನಿಂದ ಹೋದ ಜಿರ್ಕಾನ್ ರತ್ನದಲ್ಲಿ ಇದನ್ನು ಗುರುತಿಸಿದ. ನಮ್ಮ ಕಡೆಗೆ ಇದು ಹೊಸ ವಸ್ತುವಲ್ಲ. ಕೇರಳದ ಕೊಲ್ಲಂ ಜಿಲ್ಲೆಯ ಚವರ, ತಮಿಳುನಾಡಿನ ಕನ್ಯಾಕುಮಾರಿ ಜಿಲ್ಲೆಯ ಮಣವಾಳಕುರಿಚ್ಚಿ ಕಡಲ ತೀರದ ಮರಳಿನಲ್ಲಿ ಜಿರ್ಕಾನ್ ಇದೆ. ಹೈದರಾಬಾದಿನ ನ್ಯೂಕ್ಲಿಯರ್ ಫ್ಯೂಯೆಲ್ ಕಾಂಪ್ಲೆಕ್ಸಿನಲ್ಲಿ ಅಣು ವಿದ್ಯುತ್ ಸ್ಥಾವರಗಳಿಗೆ ಬೇಕಾದ ಜಿರ್ಕೋನಿಯಂ ಮಿಶ್ರಲೋಹದ ಕೊಳವೆಗಳು ತಯಾರಾಗುತ್ತವೆ.

ಶುದ್ಧ ಜಿರ್ಕೋನಿಯಾಕ್ಕೆ ಮೂರು ರೂಪ. ಖಾಲಿ ಬೆಂಕಿಪೊಟ್ಟಣದ ಹೊರಕವಚವನ್ನು ಒಂದು ಬದಿಯಿಂದ ತಳ್ಳಿದರೆ ಓರೆಯಾಗುತ್ತದಲ್ಲ, ಮಾಮೂಲಿ ತಾಪಮಾನದಲ್ಲಿ ಅದರ ಜೋಡಣೆ ಹಾಗೆ ಓರೆ. ಇದಕ್ಕೆ ಮೊನೊಕ್ಲಿನಿಕ್ ಎಂದು ಹೆಸರು. ಸುಮಾರು 1170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಪೊಟ್ಟಣ ನೆಟ್ಟಗಾಗಿ ಟೆಟ್ರಾಗೊನಲ್ ರೂಪ ಬರುತ್ತದೆ. ಸುಮಾರು 2370 ಡಿಗ್ರಿ ದಾಟಿದರೆ ಪಗಡೆ ದಾಳದಂತೆ ಎಲ್ಲ ಬದಿ ಸಮನಾದ ಕ್ಯೂಬಿಕ್ ರೂಪ. ತೊಂದರೆ ಇರುವುದು ತಣ್ಣಗಾಗುವಾಗ. ನೆಟ್ಟಗಿದ್ದ ರೂಪ ಸುಮಾರು 950 ಡಿಗ್ರಿಯ ಆಸುಪಾಸಿನಲ್ಲಿ ಮತ್ತೆ ಓರೆಯಾಗತೊಡಗುತ್ತದೆ. ಆಗ ಅದರ ಗಾತ್ರ ಶೇಕಡಾ 4ರಿಂದ 5ರಷ್ಟು ಉಬ್ಬುತ್ತದೆ. ಗಟ್ಟಿ ಪಿಂಗಾಣಿಗೆ ಇಷ್ಟು ಉಬ್ಬರ ತಡೆಯುವ ಶಕ್ತಿ ಎಲ್ಲಿಂದ ಬರಬೇಕು? ಕುಲುಮೆಯಿಂದ ತೆಗೆಯುವ ಹೊತ್ತಿಗೆ ಚೂರುಚೂರು. ಆದ್ದರಿಂದಲೇ ಶುದ್ಧ ಜಿರ್ಕೋನಿಯಾದಿಂದ ಒಂದು ಬಟ್ಟಲು ಮಾಡುವುದೂ ಕಷ್ಟವಾಗಿತ್ತು.

ಇದಕ್ಕೆ ಮೊದಲು ಸಿಕ್ಕ ಮದ್ದು ಬೆರಕೆ. ಜರ್ಮನಿಯ ಓಟ್ಟೊ ರಫ್ ಮತ್ತು ಎಬರ್ಟ್ 1929ರಲ್ಲಿ, ಬೇರೆ ಆಕ್ಸೈಡುಗಳನ್ನು ಸೇರಿಸಿದರೆ ಬಿಸಿಯ ರೂಪ ತಣ್ಣಗಾದ ಮೇಲೂ ಉಳಿಯುತ್ತದೆಂದು ತೋರಿಸಿದರು. ಸುಣ್ಣದ ಆಕ್ಸೈಡ್, ಮೆಗ್ನೀಷಿಯಾ, ಇಟ್ರಿಯಾ ಇವು ಅಂಥ ಬೆರಕೆಗಳು. ಎರಡನೆಯ ಮದ್ದು ಯಾರೂ ಹುಡುಕಿಕೊಂಡು ಹೋದದ್ದಲ್ಲ. ಬಹಳ ನುಣ್ಣಗಿನ ಜಿರ್ಕೋನಿಯಾ ಪುಡಿಯಲ್ಲಿ ಯಾವ ಬೆರಕೆಯೂ ಇಲ್ಲದೆ, ಕೋಣೆಯ ತಾಪಮಾನದಲ್ಲೇ ನೆಟ್ಟಗಿನ ರೂಪ ಕಾಣಿಸಿಕೊಳ್ಳುತ್ತಿತ್ತು. 1965ರಲ್ಲಿ ಆರ್. ಸಿ. ಗಾರ್ವಿ ಎಂಬ ವಿಜ್ಞಾನಿ ಇದಕ್ಕೆ ಕಾರಣ ಹರಳಿನ ಗಾತ್ರ ಎಂದು ಬರೆದರು. ಅವರ ಲೆಕ್ಕದಲ್ಲಿ ಹರಳು ಸುಮಾರು 30 ನ್ಯಾನೋಮೀಟರಿಗಿಂತ ಸಣ್ಣದಿದ್ದರೆ ಓರೆಯಾಗುವುದಿಲ್ಲ. ಒಂದು ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗ ಒಂದು ನ್ಯಾನೋಮೀಟರ್. 1170 ಡಿಗ್ರಿಯಲ್ಲಿ ಮಾತ್ರ ಇರಬೇಕಾದದ್ದು ನಮ್ಮ ಅಂಗೈ ಮೇಲೆ ಇರುತ್ತದೆ, ಸಣ್ಣದಾಗಿದ್ದರೆ ಸಾಕು.

ಗಡಿಯವರ ಲೆಕ್ಕ

ಇದು ಯಾಕೆ ಹೀಗೆ ಎಂಬುದು ಗಡಿ ಊರುಗಳಲ್ಲಿರುವ ನಮಗೆ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಹರಳಿನ ಒಳಗಿರುವ ಪರಮಾಣುವಿಗೆ ಸುತ್ತ ನೆರೆಹೊರೆ ಇದೆ. ಅಂಚಿನಲ್ಲಿರುವ ಪರಮಾಣುವಿಗೆ ಒಂದು ಕಡೆ ಯಾರೂ ಇಲ್ಲ. ನೆರೆಯಿಲ್ಲದ ಆ ಕೊರತೆ ಹರಳಿಗೆ ಒಂದು ಹೆಚ್ಚುವರಿ ಖರ್ಚು. ಇದನ್ನು ಮೇಲ್ಮೈ ಶಕ್ತಿ ಎನ್ನುತ್ತಾರೆ. ದೊಡ್ಡ ಹರಳಿನಲ್ಲಿ ಗಡಿಯವರ ಸಂಖ್ಯೆ ಇಷ್ಟೇ ಇಷ್ಟು, ಅವರ ಮಾತು ಲೆಕ್ಕಕ್ಕೆ ಬರುವುದಿಲ್ಲ. ಸಣ್ಣ ಹರಳಿನಲ್ಲಿ ಅರ್ಧಕ್ಕರ್ಧ ಗಡಿಯವರೇ.

ಗುಮಾಸ್ತಿಕೆ ಮಾಡಿದ ಕೈಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಲೂಡೋ ದಾಳಗಳನ್ನು ಒತ್ತಾಗಿ ಪೇರಿಸಿದ್ದೇವೆ ಎಂದುಕೊಳ್ಳಿ. ಉದ್ದ, ಅಗಲ, ಎತ್ತರ ಹತ್ತತ್ತು. ಒಟ್ಟು 1000 ದಾಳ. ಹೊರಗೆ ಕಾಣದೆ ಒಳಗೆ ಮುಚ್ಚಿಹೋದವು 8×8×8, ಅಂದರೆ 512. ಉಳಿದ 488 ಅಂಚಿನವು, ಹೆಚ್ಚುಕಡಿಮೆ ಅರ್ಧ. ಪ್ರತಿ ಬದಿಗೆ ನೂರು ದಾಳದಂತೆ ಪೇರಿಸಿದರೆ ಒಟ್ಟು 10 ಲಕ್ಷ, ಅಂಚಿನವು 58,808, ಅಂದರೆ ಶೇಕಡಾ 6ಕ್ಕಿಂತ ಕಡಿಮೆ. ಬದಿಗೆ ಸಾವಿರದಂತಾದರೆ ಅಂಚಿನವು ನೂರಕ್ಕೆ ಒಂದೂ ಇಲ್ಲ.

ಇನ್ನು ಎರಡು ರೂಪಗಳ ನಡುವಿನ ಆಯ್ಕೆ. ಊರ ಹೊರಗೆ ಮನೆ ಮಾಡಿದರೆ ಬಾಡಿಗೆ ಕಡಿಮೆ, ಬಸ್ ಚಾರ್ಜು ಜಾಸ್ತಿ. ಪೇಟೆಯೊಳಗೆ ಬಾಡಿಗೆ ಜಾಸ್ತಿ, ನಡೆದೇ ಹೋಗಬಹುದು. ತಿಂಗಳಿಗೆ ಒಂದು ಸಲ ಪೇಟೆಗೆ ಬರುವವನಿಗೆ ಹೊರಗಿನ ಮನೆಯೇ ಲಾಭ. ದಿನಕ್ಕೆ ನಾಲ್ಕು ಸಲ ಓಡಾಡುವವನಿಗೆ ಪೇಟೆಯ ಮನೆ ಲಾಭ. ಜಿರ್ಕೋನಿಯಾದ ಓರೆ ರೂಪ ಒಳಗಿನ ಖರ್ಚಿನಲ್ಲಿ ಅಗ್ಗ, ಮೇಲ್ಮೈ ಖರ್ಚಿನಲ್ಲಿ ದುಬಾರಿ. ನೆಟ್ಟಗಿನ ರೂಪ ಇದಕ್ಕೆ ತಿರುಗುಮುರುಗು. ಹರಳು ಸಣ್ಣದಾದಷ್ಟೂ ಮೇಲ್ಮೈ ಖರ್ಚು ಒಟ್ಟು ಲೆಕ್ಕದಲ್ಲಿ ದೊಡ್ಡದಾಗುತ್ತದೆ. ಒಂದು ಗಾತ್ರದಿಂದ ಕೆಳಗೆ ನೆಟ್ಟಗಿನ ರೂಪವೇ ಒಟ್ಟಾರೆ ಅಗ್ಗ ಬೀಳುತ್ತದೆ.

ಆ ಗಾತ್ರ ಇಷ್ಟೇ ಎಂದು ಕಲ್ಲಿನಲ್ಲಿ ಕೊರೆದಂತೆ ಹೇಳಲಾಗದು. ಪುಡಿ ಮಾಡಿದ ವಿಧಾನ, ಮೇಲೆ ಅಂಟಿದ ತೇವ, ಸೇರಿಕೊಂಡ ಕಲ್ಮಶ ಎಲ್ಲವೂ ಅಂಕಿಯನ್ನು ಆಚೀಚೆ ಮಾಡುತ್ತವೆ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನು ಬೆರೆಸಬಾರದು. ಫೈಲಿಗೆ ಮಂಜೂರಾತಿ ಸಿಗದಿರುವುದು ಒಂದು. ಮಂಜೂರಾಗಿಯೂ ಆದೇಶ ಹೊರಡದೆ ಮೇಜಿನ ಮೇಲೆ ಕೂತಿರುವುದು ಇನ್ನೊಂದು. ಮೇಲೆ ಹೇಳಿದ್ದು ಮೊದಲನೆಯ ಬಗೆ, ಸಣ್ಣ ಹರಳಿಗೆ ಬದಲಾಗುವುದರಿಂದ ಲಾಭವೇ ಇಲ್ಲ. ಎರಡನೆಯ ಬಗೆಗೆ ಒಳ್ಳೆಯ ಉದಾಹರಣೆ ವನೇಡಿಯಂ ಡೈಆಕ್ಸೈಡ್. ಸುಮಾರು 68 ಡಿಗ್ರಿಯಲ್ಲಿ ಅದು ವಿದ್ಯುತ್ತು ಸರಿಯಾಗಿ ಹರಿಯದ ರೂಪದಿಂದ ಲೋಹದಂತೆ ಹರಿಯುವ ರೂಪಕ್ಕೆ ತಿರುಗುತ್ತದೆ. ಇದನ್ನು 1959ರಲ್ಲಿ ಎಫ್. ಜೆ. ಮೋರಿನ್ ವರದಿ ಮಾಡಿದರು. ಬದಲಾವಣೆ ಶುರುವಾಗಲು ಹರಳಿನಲ್ಲಿ ಎಲ್ಲೋ ಒಂದು ಸಣ್ಣ ದೋಷ ಬೇಕು, ಅಲ್ಲಿಂದ ಹಬ್ಬುತ್ತದೆ. ತೀರ ಸಣ್ಣ ಕಣದಲ್ಲಿ ಅಂಥ ದೋಷವೇ ಇಲ್ಲದಿರಬಹುದು. ಆಗ ತಾಪಮಾನ ಗಡಿ ದಾಟಿ ಹತ್ತಾರು ಡಿಗ್ರಿ ಇಳಿದರೂ ಅದು ಹಳೆಯ ರೂಪದಲ್ಲೇ ಕೂತಿರುತ್ತದೆ.

ಬಿಳಿ ಬಣ್ಣ, ಸಾಣೆ ಕಲ್ಲು, ಮೊಬೈಲು

ಗೋಡೆಯ ಬಿಳಿ ಬಣ್ಣಕ್ಕೆ ಹಾಕುವ ಟೈಟೇನಿಯಂ ಡೈಆಕ್ಸೈಡಿಗೂ ಇದೇ ಕಥೆ. ದೊಡ್ಡ ಹರಳಿಗೆ ಒಗ್ಗುವ ರೂಪ ರೂಟೈಲ್. ಆದರೆ ಪ್ರಯೋಗಶಾಲೆಯಲ್ಲಿ ಬಹಳ ಸಣ್ಣ ಕಣಗಳಾಗಿ ತಯಾರಿಸಿದರೆ ಸಾಮಾನ್ಯವಾಗಿ ಮೊದಲು ಬರುವುದು ಅನಟೇಸ್ ರೂಪ. ಅಮೆರಿಕದ ಜಿಲಿಯನ್ ಬ್ಯಾನ್‌ಫೀಲ್ಡ್ ಮತ್ತು ಸಂಗಡಿಗರು 1990ರ ದಶಕದ ಕೊನೆಯಲ್ಲಿ ಲೆಕ್ಕ ಹಾಕಿ, ಸುಮಾರು 14 ನ್ಯಾನೋಮೀಟರಿಗಿಂತ ಕೆಳಗೆ ಅನಟೇಸೇ ಹೆಚ್ಚು ಸ್ಥಿರ ಎಂದು ತೋರಿಸಿದರು. ಕಾಯಿಸಿದಾಗ ಕಣಗಳು ಒಂದಕ್ಕೊಂದು ಕೂಡಿ ಬೆಳೆಯುತ್ತವೆ, ಬೆಳೆದ ಮೇಲೆ ರೂಟೈಲ್ ಆಗುತ್ತವೆ. ಬಿಸಿಲಿಗೆ ಅನಟೇಸ್ ಚುರುಕು. ಅದರ ಸುತ್ತಲಿನ ಬಣ್ಣದ ಅಂಟು ಹಾಳಾಗಿ ಗೋಡೆ ಮುಟ್ಟಿದರೆ ಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತದೆ. ಹೊರಗೋಡೆಯ ಬಣ್ಣಕ್ಕೆ ರೂಟೈಲ್ ಬಳಸುವುದು ಅದಕ್ಕೇ.

ಈ ಅನಟೇಸ್‌ನಿಂದ ರೂಟೈಲ್‌ಗೆ ಆಗುವ ಬದಲಾವಣೆಯ ಮೇಲೆ ಮೊದಮೊದಲು ಕೂಲಂಕಷವಾಗಿ ಕೆಲಸ ಮಾಡಿದವರಲ್ಲಿ 1934ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಸಿ. ಎನ್. ಆರ್. ರಾವ್ ಒಬ್ಬರು. ಕಲ್ಮಶವಿಲ್ಲದ ಅನಟೇಸ್ ಯಾವ ವೇಗದಲ್ಲಿ ಬದಲಾಗುತ್ತದೆಂಬ ಅವರ ಪ್ರಬಂಧ 1961ರಲ್ಲಿ ಕೆನಡಾದ ರಸಾಯನಶಾಸ್ತ್ರ ಪತ್ರಿಕೆಯಲ್ಲಿ ಬಂತು. ಮುಂದೆ ಕೆ. ಜೆ. ರಾವ್ ಅವರೊಡನೆ ಘನವಸ್ತುಗಳ ರೂಪ ಬದಲಾವಣೆಯ ಬಗ್ಗೆ ಇಡೀ ಪುಸ್ತಕವನ್ನೇ ಬರೆದರು, ಅದು 1978ರಲ್ಲಿ ಪ್ರಕಟವಾಯಿತು. ಭಾರತರತ್ನ ಬಂದಾಗ ನಾವೆಲ್ಲ ಅಭಿಮಾನಪಟ್ಟೆವು. ಕೆಲಸವೇನೆಂದು ಕೇಳಿದ್ದರೆ ಬಾಯಿಬಿಡುತ್ತಿದ್ದೆವು. ಈಗ ಒಂದು ತುಣುಕಾದರೂ ಗೊತ್ತಾಯಿತು.

ಅಲ್ಯೂಮಿನಾ ಅಂದರೆ ಅಲ್ಯೂಮಿನಿಯಂ ಆಕ್ಸೈಡ್. ಇದರ ದೊಡ್ಡ ಹರಳಿನ ರೂಪ ಕೊರಂಡಮ್. ಮಾಣಿಕ್ಯ, ನೀಲಮಣಿಗಳೂ ಇದೇ. ನುಣ್ಣಗಿನ ಪುಡಿಯಲ್ಲಿ ಮಾತ್ರ ಗಾಮಾ ಎಂಬ ಬೇರೆ ರೂಪ. ಒಂದು ಗ್ರಾಂ ಪುಡಿಯ ಒಟ್ಟು ಮೇಲ್ಮೈ ಸುಮಾರು 125 ಚದರ ಮೀಟರ್ ದಾಟಿದರೆ ಗಾಮಾ ರೂಪವೇ ಶಕ್ತಿಯ ಲೆಕ್ಕದಲ್ಲಿ ಅಗ್ಗವಾಗುತ್ತದೆಂದು ಅಲೆಕ್ಸಾಂಡ್ರಾ ನಾವ್ರೊಟ್ಸ್ಕಿ ಮತ್ತು ಸಂಗಡಿಗರು 1997ರಲ್ಲಿ ಬಿಸಿ ಅಳೆಯುವ ಪ್ರಯೋಗದಿಂದ ತೋರಿಸಿದರು. 125 ಚದರ ಮೀಟರ್ ಎಂದರೆ ಒಂದು 30×40 ಸೈಟಿಗಿಂತ ದೊಡ್ಡದು. ಅಷ್ಟು ಜಾಗ ಒಂದು ಚಿಟಿಕೆ ಪುಡಿಯಲ್ಲಿ ಮಡಚಿಕೊಂಡಿರುತ್ತದೆ.

ಮೊಬೈಲಿನೊಳಗಿನ ಚಿಕ್ಕ ಕೆಪಾಸಿಟರುಗಳಲ್ಲಿ ಬೇರಿಯಂ ಟೈಟನೇಟ್ ಇರುತ್ತದೆ. ಸುಮಾರು 120 ಡಿಗ್ರಿಯ ಕೆಳಗೆ ಅದರ ಜೋಡಣೆ ಕೊಂಚ ಉದ್ದವಾಗಿ ಎಳೆದಂತಾಗುತ್ತದೆ, ವಿದ್ಯುತ್ತನ್ನು ಹಿಡಿದಿಡುವ ವಿಶೇಷ ಗುಣ ಅದರಿಂದ. ಹರಳಿನ ಕಣವನ್ನು ಒಂದು ಮೈಕ್ರಾನಿನ ಹತ್ತಿರಕ್ಕೆ ತಂದರೆ ಆ ಗುಣ ಏರುತ್ತದೆ, ಅದಕ್ಕಿಂತ ಬಹಳ ಕಿರಿದಾಗಿಸಿದರೆ ಇಳಿಯುತ್ತಾ ಹೋಗುತ್ತದೆ. ಮೊಬೈಲ್ ಸಣ್ಣದಾಗಬೇಕು, ಕಣ ಸಣ್ಣದಾಗಬಾರದು. ತಯಾರಕರ ಪೇಚು ಇದು.

ಮತ್ತೆ ಹಲ್ಲಿಗೆ

ಕ್ಯಾಪಿನಲ್ಲಿ ಇರುವುದು ಸಡಿಲ ಪುಡಿಯಲ್ಲ, ಒತ್ತಾಗಿ ಸುಟ್ಟ ಗಟ್ಟಿ. ಅದರಲ್ಲಿ ಸಾಮಾನ್ಯವಾಗಿ ಸುಮಾರು 3 ಮೋಲ್ ಶೇಕಡಾ ಇಟ್ರಿಯಾ ಬೆರೆಸಿರುತ್ತಾರೆ. ಒಂದೊಂದು ಕಣದ ಸುತ್ತ ಬೇರೆ ಕಣಗಳು ಅದುಮಿ ಹಿಡಿದಿರುವುದರಿಂದ ಉಬ್ಬಲು ಜಾಗವೂ ಇಲ್ಲ. ಹೀಗೆ ಬೆರಕೆಯೂ ಒತ್ತಡವೂ ಸೇರಿ, 30 ನ್ಯಾನೋಮೀಟರಿನ ಮಿತಿ ಸುಮಾರು ಒಂದು ಮೈಕ್ರಾನಿನವರೆಗೆ ಏರುತ್ತದೆ. ಅಂದರೆ ಅದಕ್ಕಿಂತ ಸಣ್ಣ ಕಣಗಳು ನೆಟ್ಟಗಿನ ರೂಪದಲ್ಲೇ ಉಳಿಯುತ್ತವೆ, ಆದರೆ ಒಲ್ಲದ ಮನಸ್ಸಿನಿಂದ.

ಆ ಒಲ್ಲದ ಮನಸ್ಸೇ ಉಪಕಾರಕ್ಕೆ ಬರುತ್ತದೆ. ಎಲ್ಲೋ ಒಂದು ಬಿರುಕು ಮೊದಲಾಗಿ ಮುಂದೆ ಹರಿಯುವಾಗ ಅದರ ತುದಿಯಲ್ಲಿ ಹಿಡಿತ ಸಡಿಲವಾಗುತ್ತದೆ. ಅಲ್ಲಿರುವ ಕಣಗಳು ತಟ್ಟನೆ ಓರೆಯಾಗಿ ಉಬ್ಬುತ್ತವೆ. ಉಬ್ಬಿದವು ಬಿರುಕನ್ನು ಎರಡೂ ಬದಿಯಿಂದ ಅದುಮುತ್ತವೆ, ಬಿರುಕು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಿಂದೆ ಪಾತ್ರೆಯನ್ನು ಚೂರು ಮಾಡುತ್ತಿದ್ದ ಅದೇ ಉಬ್ಬರ! ಗಾರ್ವಿ, ಹ್ಯಾನಿಂಕ್, ಪ್ಯಾಸ್ಕೋ ಮೂವರು ಆಸ್ಟ್ರೇಲಿಯಾದಿಂದ 1975ರಲ್ಲಿ ನೇಚರ್ ಪತ್ರಿಕೆಗೆ ಬರೆದ ಲೇಖನದ ತಲೆಬರಹವೇ, ಪಿಂಗಾಣಿಯ ಉಕ್ಕೇ ಇದು ಎಂಬರ್ಥದ ಪ್ರಶ್ನೆ. ಡಾಕ್ಟರು ಸ್ಟೀಲ್ ಎಂದದ್ದರ ಮೂಲ ಇಲ್ಲಿದೆ.

ಹಾಗಾದರೆ ಕಣ ಸಣ್ಣದಾದಷ್ಟೂ ಒಳ್ಳೆಯದೇ ಎಂದರೆ ಅಲ್ಲ. ಒಂದು ಮೈಕ್ರಾನಿಗಿಂತ ದೊಡ್ಡದಾದರೆ ಯಾರೂ ಕೇಳದೆ ತಾನೇ ಓರೆಯಾಗುತ್ತದೆ. ಸುಮಾರು 0.2 ಮೈಕ್ರಾನಿಗಿಂತ ಸಣ್ಣದಾದರೆ ಬಿರುಕು ಪಕ್ಕಕ್ಕೇ ಬಂದರೂ ಓರೆಯಾಗುವುದಿಲ್ಲ, ಕಾವಲುಗಾರ ನಿದ್ದೆ ಹೋದಂತೆ. ಕೆಲಸಕ್ಕೆ ಬರುವುದು ನಡುವಿನ ಸಣ್ಣ ಅವಕಾಶ. ಕಣದ ಗಾತ್ರ ನಿರ್ಧಾರವಾಗುವುದು ಕುಲುಮೆಯಲ್ಲಿ. ಸಾಮಾನ್ಯವಾಗಿ 1450ರಿಂದ 1550 ಡಿಗ್ರಿಯಲ್ಲಿ ಸುಡುತ್ತಾರೆ. ಶಾಖ ಹೆಚ್ಚಿದಷ್ಟೂ, ಹೊತ್ತು ಹೆಚ್ಚಿದಷ್ಟೂ ಕಣ ಬೆಳೆಯುತ್ತದೆ. ಬೆಲ್ಲದ ಪಾಕ ಇಳಿಸುವ ಹದ ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಇದಕ್ಕೆ ಇನ್ನೊಬ್ಬ ಶತ್ರು ನೀರು. ತೇವವಿರುವ ಕಡೆ, ಸುಮಾರು 250 ಡಿಗ್ರಿಯಂಥ ಕಡಿಮೆ ಶಾಖದಲ್ಲೂ ಮೇಲ್ಮೈಯ ಕಣಗಳು ಒಂದೊಂದಾಗಿ ಓರೆಯಾಗುತ್ತಾ ಒಳಕ್ಕೆ ಸಾಗುತ್ತವೆಂದು ಜಪಾನಿನ ಕೊಬಯಾಶಿ ಮತ್ತಿತರರು 1981ರಲ್ಲಿ ವರದಿ ಮಾಡಿದರು. ಇದಕ್ಕೆ ವಯಸ್ಸಾಗುವುದು ಎಂದೇ ಹೆಸರು. ಮೈಯ ತಾಪಮಾನದಲ್ಲಿ ಇದು ಬಹಳ ನಿಧಾನ, ಆದ್ದರಿಂದ ಹೆಚ್ಚು ತಲೆಕೆಡಿಸಿಕೊಂಡಿರಲಿಲ್ಲ. 1980ರ ದಶಕದಿಂದ ಸೊಂಟದ ಕೃತಕ ಕೀಲಿನ ಗುಂಡನ್ನು ಜಿರ್ಕೋನಿಯಾದಲ್ಲಿ ಮಾಡುತ್ತಿದ್ದರು. 2001ರ ಹೊತ್ತಿಗೆ ಯುರೋಪಿನಲ್ಲಿ ತಯಾರಾದ ಅಂಥ ಗುಂಡುಗಳಲ್ಲಿ ಸುಮಾರು 400, ಅಲ್ಪಕಾಲದಲ್ಲೇ ರೋಗಿಗಳ ಮೈಯೊಳಗೆ ಒಡೆದವು. ಅಷ್ಟೂ ಜನ ಮತ್ತೆ ಆಪರೇಷನ್ ಮೇಜಿಗೆ. ತಪಾಸಣೆಯಲ್ಲಿ ಬೆರಳು ತೋರಿದ್ದು ಕುಲುಮೆಯ ಕಡೆಗೆ. ಸುಡುವ ಕುಲುಮೆಯ ಬಗೆ ಬದಲಾಯಿಸಿದ್ದರು. ಗುಂಡಿನ ಒಳಭಾಗ ಸಾಕಷ್ಟು ಒತ್ತಾಗದೆ, ನೀರು ಇಳಿಯಲು ದಾರಿಯಾಗಿ, ವಯಸ್ಸಾಗುವುದು ವೇಗವಾಯಿತು. ವಸ್ತು ಅದೇ, ಬೆರಕೆ ಅದೇ. ಈಗ ಕೀಲುಗಳಿಗೆ ಬಳಸುವುದು ಹೆಚ್ಚಾಗಿ ಅಲ್ಯೂಮಿನಾದೊಳಗೆ ಸ್ವಲ್ಪ ಜಿರ್ಕೋನಿಯಾ ಸೇರಿಸಿದ ಮಿಶ್ರಣ. ವೈದ್ಯಕೀಯ ಜಿರ್ಕೋನಿಯಾವನ್ನು 134 ಡಿಗ್ರಿ ಹಬೆಯಲ್ಲಿ 5 ಗಂಟೆ ಇಟ್ಟು ಪರೀಕ್ಷಿಸುವ ಕ್ರಮವೂ ಇದೆ.

ನಮ್ಮ ಕ್ಯಾಪಿನ ವಿಷಯ. ಹಾಕಿದ ದಿನ ಕಚ್ಚುವಾಗ ಎತ್ತರವಾಯಿತೆಂದು ಹೇಳಿದೆವು. ಒರಟು ಚಕ್ರದಿಂದ ನೀರೂ ಹಾಕದೆ ಹತ್ತು ನಿಮಿಷ ಉಜ್ಜಿ ಕಳುಹಿಸಿದರು, ಮತ್ತೆ ಹೊಳಪು ಕೊಡಲಿಲ್ಲ. ಹದಿನಾಲ್ಕನೇ ತಿಂಗಳು ಬೆಳಿಗ್ಗೆ ಇಡ್ಲಿ ತಿನ್ನುವಾಗ ಅರ್ಧ ಕ್ಯಾಪ್ ಕೈಗೆ ಬಂತು. ಅಡಿಕೆ ಕಡಿದಿದ್ದೀರಿ ಎಂದು ನಮ್ಮ ಮೇಲೇ ಹಾಕಿದರು. ಒರಟಾಗಿ ಉಜ್ಜಿದರೆ ಮೇಲ್ಮೈಯ ಕಣಗಳು ರೂಪ ಬದಲಿಸಿ ಸೂಕ್ಷ್ಮ ಸೀಳುಗಳು ಉಳಿಯುತ್ತವೆಂದು ನಾವು ಓದಿದ್ದು ಆಮೇಲೆ. ನಮ್ಮದು ಒಡೆದದ್ದು ಅದಕ್ಕೇ ಎಂದು ಸಾಧಿಸಲು ಪುರಾವೆ ಇಲ್ಲ, ತುಂಡನ್ನೂ ಅವರೇ ಇಟ್ಟುಕೊಂಡರು.

ಆದ್ದರಿಂದ ಕ್ಯಾಪ್ ಹಾಕಿಸುವ ಸದಸ್ಯರು ಸಂಕೋಚಪಡದೆ ಎರಡು ವಿಷಯ ಕೇಳಿಕೊಳ್ಳಿ. ಮೊದಲನೆಯದು, ಇಟ್ರಿಯಾ 3 ಇರುವುದೋ 5 ಇರುವುದೋ. 5 ಇರುವ ಬಗೆ ಹೆಚ್ಚು ಪಾರದರ್ಶಕ, ಮುಂದಿನ ಹಲ್ಲಿಗೆ ಚೆಂದ. ಆದರೆ ಅದರಲ್ಲಿ ಕ್ಯೂಬಿಕ್ ರೂಪ ಹೆಚ್ಚು, ಬಿರುಕು ತಡೆಯುವ ಆ ಉಬ್ಬರ ಕಡಿಮೆ, ಬಲವೂ ಕಡಿಮೆ. ದವಡೆಗೆ ಯಾವುದು ಸರಿ ಎಂದು ಡಾಕ್ಟರರೇ ಹೇಳಬೇಕು. ಎರಡನೆಯದು, ಎತ್ತರ ಸರಿಮಾಡಲು ಉಜ್ಜಿದರೆ ನೀರು ಹಾಕಿ ನುಣ್ಣನೆಯ ಚಕ್ರದಿಂದ ಉಜ್ಜಿ, ಕೊನೆಗೆ ಹೊಳಪು ಕೊಡುತ್ತಾರೆಯೇ ಎಂಬುದು. ನಮ್ಮ ಎರಡನೆಯ ಕ್ಯಾಪಿಗೆ ಬೇರೆ ಕಡೆ ಹೋಗಿ ಈ ಎರಡನ್ನೂ ಕೇಳಿದೆವು. ಡಾಕ್ಟರಮ್ಮ ಒಂದು ಗಳಿಗೆ ನಮ್ಮ ಮುಖ ನೋಡಿ, "ನೀವು ಯಾವ ಡಿಪಾರ್ಟ್‌ಮೆಂಟಿನಲ್ಲಿ ಇದ್ರಿ ಸರ್?" ಎಂದರು. ಆಮೇಲೆ ಲ್ಯಾಬಿನ ಚೀಟಿ ತರಿಸಿ ತೋರಿಸಿದರು.